ಮೂರು ಕಚ್ಚಿನ ಬಿಜಾಗ್ರಿ

ಮೇ ತಿಂಗಳ ಮೂರನೇ ವಾರ. ಮಳೆಗೆ ಇನ್ನು ಹದಿನೈದು ದಿನ ಇತ್ತು. ವರ್ಕ್‌ಶಾಪಿನ ನೆಲ ಆಗಿತ್ತು, ಬೆಂಚು ಆಗಿತ್ತು, ಕರೆಂಟು ಬಂದಿತ್ತು. ಬಾಗಿಲು ಒಂದು ಕೂರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಎರಡು ಕದ, ಆರು ಬಿಜಾಗ್ರಿ, ಅಂದರೆ ಕದವನ್ನು ಚೌಕಟ್ಟಿಗೆ ಸೇರಿಸುವ ಕಬ್ಬಿಣದ ಕೀಲು. ಎಲ್ಲ ಸ್ವಚ್ಛ ಮಾಡಿ, ಎಣ್ಣೆ ಹಚ್ಚಿ, ಅದೇ ಚೌಕಟ್ಟಿಗೆ ಅದೇ ಕದ ಹಾಕಿದೆ. ಎಡಗಡೆ ಕದ ಮುಚ್ಚಲಿಲ್ಲ. ಮೇಲೆ ಅರ್ಧ ಇಂಚು ಸಂದು, ಕೆಳಗೆ ಚೌಕಟ್ಟಿಗೆ ಉಜ್ಜುತ್ತಿತ್ತು. ತಳ್ಳಿದರೆ ಸ್ಪ್ರಿಂಗಿನ ಹಾಗೆ ವಾಪಸು ಬರುತ್ತಿತ್ತು. ಮೂರು ತಿಂಗಳ ಹಿಂದೆ ಇದೇ ಬಾಗಿಲು ಒಂದು ಬೆರಳಲ್ಲಿ ತಳ್ಳಿದರೆ ಸುಮ್ನೆ ಹೋಗಿ ಕೂರುತ್ತಿತ್ತು.

ಹಳೆ ಸಾಮಾನು ಹಾಕಿ ಮನೆಯಲ್ಲೇ ವರ್ಕ್‌ಶಾಪ್ ಮಾಡಬೇಕು ಅನ್ನುವವರು ಈಗ ತುಂಬ ಜನ. ನಮ್ಮಲ್ಲಿ ಏನು ಸರಿ ಆಯಿತು, ಏನು ಕೆಟ್ಟಿತು, ಯಾಕೆ ಅನ್ನುವುದನ್ನು ಮೊದಲಿಂದ ಬರೆದಿಡುತ್ತೇನೆ. ಅವರಿಗೆ ಉಪಯೋಗ ಆಗಬಹುದು.

ನಮ್ಮ ಊರು ಸಾಗರ ತಾಲೂಕಿನಲ್ಲಿ. ಅಡಿಕೆ ತೋಟದ ಮನೆ. ರಿಪೇರಿ ಕೆಲಸ ಅನ್ನುವುದು ಇಲ್ಲಿ ವರ್ಷ ಪೂರ್ತಿ ಇರುತ್ತದೆ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಏಣಿ, ಹಾರೆಯ ಕಾವು, ಕತ್ತಿಯ ಹಿಡಿ. ಇಷ್ಟು ವರ್ಷ ಇದೆಲ್ಲ ಜಗಲಿ ಮೇಲೇ ನಡೆಯುತ್ತಿತ್ತು. ಮಳೆಗಾಲ ಬಂತು ಅಂದರೆ ಜಗಲಿ ತುಂಬ ಕಬ್ಬಿಣ, ಅಮ್ಮನಿಗೆ ಓಡಾಡಲು ಜಾಗ ಇಲ್ಲ. ಆ ಕಡೆ ಕೊಟ್ಟಿಗೆಯಲ್ಲಿ ದನ ಕಟ್ಟುವುದು ನಿಂತು ಆರು ವರ್ಷ ಆಗಿತ್ತು. 18 ಅಡಿ ಉದ್ದ, 11 ಅಡಿ ಅಗಲ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು. ಗಟ್ಟಿ ಕಟ್ಟಡ. ಫೆಬ್ರವರಿ ಕೊನೆಗೆ ಕೊಯ್ಲು ಮುಗಿದ ಮೇಲೆ ಕೆಲಸ ಶುರು ಮಾಡಿದೆವು.

ಹಳೆಯ ಸಾಮಾನೇ ಯಾಕೆ? ಅದು ನಮ್ಮ ಮನೆಯಲ್ಲೇ ಇತ್ತು, ಅದಕ್ಕೆ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿ, 1964ರಲ್ಲಿ ನೀರು ನಿಂತಾಗ ಅಜ್ಜನ ಊರು ಮುಳುಗಿತು. ನಮ್ಮ ಕಡೆ ಅದಕ್ಕೆ ಒಂದೇ ಮಾತು, ಮುಳುಗಡೆ. ಆ ಮಾತಿನಲ್ಲೇ ಎಲ್ಲ ಬಂತು. ನೀರು ಬರುವ ಮುಂಚೆ ಅಜ್ಜ ಮನೆಯನ್ನೇ ಬಿಚ್ಚಿದರು. ತೊಲೆ, ಕಂಬ, ಬಾಗಿಲು, ಹೆಂಚು, ಮೊಳೆ ಸಹಿತ ಗಾಡಿಗೆ ಹಾಕಿ ಈ ಊರಿಗೆ ತಂದರು. ಹೊಸ ಮನೆಗೆ ಹಿಡಿಸಿದ್ದು ಮನೆಗೆ ಹೋಯಿತು, ಉಳಿದದ್ದು ಕೊಟ್ಟಿಗೆಗೆ ಬಂತು. ಕೊಟ್ಟಿಗೆಯ ಬಾಗಿಲು ಅಂದರೆ ಆ ಹಳೇ ಮನೆಯ ಹೆಬ್ಬಾಗಿಲು. ಹಲಸಿನ ಕದ, ಒಂದೂವರೆ ಇಂಚು ದಪ್ಪ, ಒಂದೊಂದೂ 24 ಕೆಜಿ ಹತ್ತಿರ. ಅಟ್ಟದ ಮೇಲೆ ಎರಡು ಗೋಣಿಚೀಲದಲ್ಲಿ ಚಿಲಕ, ಕೊಂಡಿ, ಬೋಲ್ಟು, ಹಿತ್ತಾಳೆ ಉಯ್ಯಾಲೆಯ ಸರಪಳಿ. ಒಂದು ಡಬ್ಬಿ ತುಂಬ ಒಂದು ಗೀರಿನ ಸ್ಕ್ರೂ. ತಲೆಯ ಮೇಲೆ ಕೂಡಿಸುವ ಗುರುತಿನ ಹಾಗೆ ಗೀರಿರುವ ಈಗಿನ ಸ್ಕ್ರೂ ಅಮೆರಿಕದಲ್ಲಿ ಬಂದದ್ದೇ 1930ರ ದಶಕದಲ್ಲಿ. ಅಜ್ಜನ ಮನೆಯ ಬಾಗಿಲಲ್ಲಿ ಅದು ಒಂದೂ ಇಲ್ಲ.

ಮೊದಲ ತಪ್ಪು ಮಾರ್ಚ್ ಮೊದಲ ವಾರದಲ್ಲೇ ಆಯಿತು. ಅದು ತಪ್ಪು ಅಂತ ಗೊತ್ತಾಗಿದ್ದು ಮೇ ತಿಂಗಳಲ್ಲಿ. ಕದ ಬಿಚ್ಚಿದೆ, ಆರೂ ಬಿಜಾಗ್ರಿ ತೆಗೆದೆ, ಒಂದೇ ಬಕೆಟ್ಟಿಗೆ ಹಾಕಿದೆ. ಈಗ ಅಂಗಡಿಯಲ್ಲಿ ಹಿಂಜ್ ಅನ್ನುತ್ತಾರೆ. ನಮ್ಮ ಬಡಗಿ ಆಚಾರ್ರು ಬಿಜಾಗ್ರಿ ಅಂತಲೇ ಹೇಳುವುದು, ನನಗೂ ಅದೇ ರೂಢಿ. ಆರೂ ಒಂದೇ ಅಳತೆಯ ಹಾಗೆ ಕಾಣುತ್ತಿದ್ದವು, ಆರು ಇಂಚಿನವು. ಯಾವುದು ಯಾವ ಕದದ್ದು, ಮೇಲಿನದೋ ಕೆಳಗಿನದೋ ಅಂತ ಬರೆದಿಡಲಿಲ್ಲ.

ಸ್ಕ್ರೂ ತೆಗೆಯುವುದೇ ಒಂದು ದೊಡ್ಡ ಕೆಲಸ. ಒಟ್ಟು 36 ಇದ್ದವು. ಅವಸರ ಮಾಡಿದರೆ ತಲೆ ಕಿತ್ತು ಬರುತ್ತದೆ, ಕಾಲು ಮರದಲ್ಲೇ ಉಳಿಯುತ್ತದೆ. ಮೊದಲು ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಗೀರಿನೊಳಗಿನ ಹಳೆ ಬಣ್ಣ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರಿನ ಮೂತಿ ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು. ಸಡಿಲ ಇದ್ದರೆ ಗೀರಿನ ಅಂಚು ಸವೆದು ಹೋಗುತ್ತದೆ, ಆಮೇಲೆ ಯಾವ ಸ್ಕ್ರೂಡ್ರೈವರೂ ಹಿಡಿಯುವುದಿಲ್ಲ. ನಾನು ಒಂದು ಹಳೆ ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ ಈ ಗೀರಿಗೇ ಅಂತ ಅಳತೆ ಮಾಡಿಕೊಂಡೆ. ಬಿಚ್ಚುವ ಮೊದಲು ಒಂದು ಚೂರು ಬಿಗಿಯಾಗುವ ಕಡೆ ತಿರುಗಿಸಬೇಕು. ತುಕ್ಕಿನ ಹಿಡಿತ ಅಲ್ಲೇ ಬಿಡುತ್ತದೆ. ಬಿಡದಿದ್ದರೆ ಕಾಯಿಸಿದ ಕಬ್ಬಿಣವನ್ನು ತಲೆಯ ಮೇಲೆ ಒಂದು ನಿಮಿಷ ಇಟ್ಟು, ಆರಿದ ಮೇಲೆ ಮತ್ತೆ ನೋಡಬೇಕು. ಹೀಗೆ ಮಾಡಿ 31 ಬಂದವು, 5 ಮುರಿದವು. ಮುರಿದಲ್ಲಿ ಸಣ್ಣ ಪೈಪಿನ ಬಾಯಿಗೆ ಗರಗಸದ ಹಾಗೆ ಹಲ್ಲು ಕೊರೆದು, ಕಾಲಿನ ಸುತ್ತ ತೂತು ಮಾಡಿ ತೆಗೆದೆವು. ಆ ತೂತಿಗೆ ಹಲಸಿನ ಬಿರಡೆ ಜಡಿದೆವು.

ತುಕ್ಕು ತೆಗೆಯಲು ಎರಡು ದಾರಿ ಇತ್ತು. ಗ್ರೈಂಡರಿಗೆ ತಂತಿ ಚಕ್ರ ಹಾಕಿ ಉಜ್ಜುವುದು. ಹತ್ತು ನಿಮಿಷದ ಕೆಲಸ, ಫಳಫಳ ಹೊಳೆಯುತ್ತದೆ. ಇನ್ನೊಂದು ನಿಧಾನದ್ದು, ಕರೆಂಟಿನದ್ದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಐದು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಸುತ್ತಲೂ ಕಟ್ಟಡದ ಕಂಬಿಯ ತುಂಡು, ನಡುವೆ ತಂತಿಯಲ್ಲಿ ತೂಗುಬಿಟ್ಟ ಬಿಜಾಗ್ರಿ. ಬಿಜಾಗ್ರಿ ಕಂಬಿಗೆ ತಾಗಬಾರದು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ಬಿಜಾಗ್ರಿಗೆ, ಪ್ಲಸ್ ಕಂಬಿಗೆ. ಇದು ಅದಲು ಬದಲಾದರೆ ಒಳ್ಳೆ ಸಾಮಾನೇ ಕರಗುತ್ತದೆ. ಚಾರ್ಜರ್ ಹಳೆ ಟ್ರಾನ್ಸ್‌ಫಾರ್ಮರ್ ಥರದ್ದು ಬೇಕು, ಈಗಿನ ಆಟೋಮ್ಯಾಟಿಕ್ ಚಾರ್ಜರುಗಳಲ್ಲಿ ಹೆಚ್ಚಿನವು ಬ್ಯಾಟರಿ ಕಾಣದೆ ಶುರುವೇ ಆಗುವುದಿಲ್ಲ. ಪಕ್ಕದ ಮನೆಯ ಟ್ರ್ಯಾಕ್ಟರ್ ಚಾರ್ಜರ್ ಕೇಳಿ ತಂದೆ.

ಇಲ್ಲಿ ಎಚ್ಚರಿಕೆ ಜಾಸ್ತಿ ಬೇಕು. ಕಂಬಿಯ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಲೇಬಾರದು. ಅದರಲ್ಲಿರುವ ಕ್ರೋಮಿಯಂ ವಿಷದ ರೂಪಕ್ಕೆ ತಿರುಗಿ ನೀರಿಗೆ ಸೇರುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ, ಹಾಗಾಗಿ ಅಂಗಳದಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ತೆಗೆಯಬೇಕು. ಸ್ಪ್ರಿಂಗ್, ಉಳಿ, ಗರಗಸದಂಥ ಗಟ್ಟಿ ಉಕ್ಕನ್ನು ಇದಕ್ಕೆ ಹಾಕದಿರುವುದು ಒಳ್ಳೆಯದು, ಹೈಡ್ರೋಜನ್ ಸೇರಿ ಉಕ್ಕು ಪೆಡಸಾಗುತ್ತದೆ. ಹಿತ್ತಾಳೆಗೂ ಇದಲ್ಲ.

ನಾನು ನಿಧಾನದ ದಾರಿಯನ್ನೇ ಹಿಡಿದೆ. ಈ ದಾರಿಯಲ್ಲಿ ತುಕ್ಕು ಮಾತ್ರ ಬಿಡುತ್ತದೆ, ಕೆಳಗಿನ ಗಟ್ಟಿ ಕಬ್ಬಿಣ ಹಾಗೇ ಉಳಿಯುತ್ತದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ತೀರ್ಮಾನ ಇದು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ರಾತ್ರಿ ಇಟ್ಟರೆ ಬೆಳಿಗ್ಗೆ ಬಕೆಟ್ಟಿನ ಮೇಲೆ ಕಂದು ಬಣ್ಣದ ನೊರೆ ಕಟ್ಟಿರುತ್ತಿತ್ತು. ತೆಗೆದು ಬ್ರಷ್ಷಿನಲ್ಲಿ ತಿಕ್ಕಿದರೆ ಕಪ್ಪು ಪುಡಿ ಉದುರಿ ಬೂದು ಬಣ್ಣದ ಕಬ್ಬಿಣ ಕಾಣುತ್ತಿತ್ತು. ತಕ್ಷಣ ಒಲೆಯ ಹತ್ತಿರ ಒಣಗಿಸಿ ಎಣ್ಣೆ ಹಚ್ಚಬೇಕು. ಅರ್ಧ ಗಂಟೆ ಬಿಟ್ಟರೂ ಹೊಸ ತುಕ್ಕಿನ ಕೆಂಪು ಬರುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಕದದ ಮೇಲೆ ಮೂರ್ನಾಲ್ಕು ಪದರ ಹಳೆ ಬಣ್ಣ ಇತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ದಾಟಬಾರದು ಎಂಬ ನಿಯಮ ಬಂದಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲೆಲ್ಲ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಸರಿ. ಒಣ ಮರಳು ಕಾಗದ ಉಜ್ಜಬಾರದು. ಒದ್ದೆ ಮಾಡಿ, ಕೆರೆದು, ಚೂರನ್ನು ಕಾಗದದಲ್ಲಿ ಕಟ್ಟಿ ಬೇರೆ ಇಟ್ಟೆವು. ಆ ವಾರ ತಂಗಿಯ ಮಕ್ಕಳನ್ನು ಕೊಟ್ಟಿಗೆ ಕಡೆ ಬಿಡಲಿಲ್ಲ.

ಇನ್ನು ಉಯ್ಯಾಲೆಯ ಸರಪಳಿ. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯಬೇಕು. ಹಳೆ ಹಿತ್ತಾಳೆಯನ್ನು ಕಣ್ಣು ಮುಚ್ಚಿ ನಂಬುವವರು ತುಂಬ ಜನ ಇದ್ದಾರೆ. ನಾನೂ ನಂಬಿದ್ದೆ.

ನಾಲ್ಕು ಸರಪಳಿ, ಒಂದೊಂದು ಆರು ಅಡಿ. ಕಾಲಿಂಚಿನ ಹಿತ್ತಾಳೆ ಸರಳನ್ನು ಬಗ್ಗಿಸಿ ಮಾಡಿದ ಕೊಂಡಿಗಳು. ನಡುವೆ ಎರಕದ ಗಿಳಿ. ಅಮ್ಮ ಮದುವೆಯಾಗಿ ಬಂದಾಗ ನಡುಮನೆಯಲ್ಲಿ ಈ ಉಯ್ಯಾಲೆ ಇತ್ತಂತೆ. ಹಲಗೆ ಮುರಿದ ಮೇಲೆ ಸರಪಳಿ ಕೊಟ್ಟಿಗೆ ಅಟ್ಟಕ್ಕೆ ಹೋಯಿತು. ಸುಮಾರು 35 ವರ್ಷ ಅಲ್ಲೇ ಇತ್ತು, ಕೆಳಗೆ ದನ. ನನ್ನ ಲೆಕ್ಕ ಸರಳ ಇತ್ತು. ಎರಡು ಮೂರು ಜನ ಕೂತು ತೂಗಿದ ಸರಪಳಿ, ಪಂಪ್‌ಸೆಟ್ಟು ಎತ್ತಲು ಧಾರಾಳ ಸಾಕು. ತೊಲೆಗೆ ಕಟ್ಟಿ, ಪಂಪನ್ನು ತೂಗುಹಾಕಿ ಕೆಲಸ ಮಾಡಬಹುದು.

ವಾಟೆಹುಳಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದೆ. ಹುಳಿಯಲ್ಲಿ ರಾತ್ರಿ ಪೂರ್ತಿ ಬಿಡಬಾರದು, ಹಿತ್ತಾಳೆ ತಾಮ್ರದ ಹಾಗೆ ಕೆಂಪಾಗುತ್ತದೆ. ಹೊಳಪು ಬಂದ ಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಕೊಂಡಿಗಳ ಬಾಗಿದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಮೊದಲು ಗೀರು ಅಂದುಕೊಂಡೆ. ಭೂತಗನ್ನಡಿ ತಂದು ನೋಡಿದರೆ ಗೆರೆ ಅಡ್ಡಡ್ಡ ಹೋಗಿತ್ತು, ಒಂದೇ ಕಡೆ ಅಲ್ಲ, ಹಲವು ಕೊಂಡಿಗಳಲ್ಲಿ. ಒಂದು ಕೊಂಡಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬಗ್ಗಲಿಲ್ಲ. ಟಕ್ ಅಂತ ಎರಡು ತುಂಡಾಯಿತು. ಮುರಿದ ಮುಖ ನೋಡಿ ಮೈ ಜುಮ್ ಅಂದಿತು. ಮುಖದ ಬಹುಪಾಲು ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಉಗುರಿನ ದಪ್ಪದಷ್ಟು ಹೊಸ ಹಳದಿ. ಅಂದರೆ ಆ ಕೊಂಡಿ ಬಹಳ ಹಿಂದೆಯೇ ಬಿರುಕು ಬಿಟ್ಟಿತ್ತು. ಆ ಚೂರು ಹಳದಿಯ ಮೇಲೆ ನಿಂತಿತ್ತು ಅಷ್ಟೇ.

ಇದಕ್ಕೆ ಕಾರಣ ಕೊಟ್ಟಿಗೆಯೇ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೈನ್ಯದಲ್ಲಿ ಇದೇ ತೊಂದರೆ ಬಂದಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ತೋಟಾಗಳ ಹಿತ್ತಾಳೆ ಕವಚ ತಾನಾಗಿ ಸೀಳುತ್ತಿತ್ತು. ಮಳೆಗಾಲದಲ್ಲೇ ಆಗುತ್ತಿದ್ದುದರಿಂದ ಅದಕ್ಕೆ ಋತುಮಾನದ ಬಿರುಕು ಎಂಬ ಅರ್ಥದ ಹೆಸರು ಬಂತು. ಕಾರಣವನ್ನು ಲೋಹ ತಜ್ಞರು ಬಿಡಿಸಿ ಹೇಳಿದ್ದು 1921ರಲ್ಲಿ. ಗಂಜಲದಿಂದ ಏಳುವ ಅಮೋನಿಯಾ, ತೇವದ ಗಾಳಿ, ಮತ್ತು ತಣ್ಣಗಿರುವಾಗಲೇ ಬಗ್ಗಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ. ಈ ಮೂರು ಸೇರಿದರೆ ಹಿತ್ತಾಳೆ ಸೀಳುತ್ತದೆ. ಬಗ್ಗಿಸಿದ ಮೇಲೆ ಹದವಾಗಿ ಕಾಯಿಸಿದರೆ ಆ ಬಿಗಿತ ಹೋಗುತ್ತದೆ. ನಮ್ಮ ಸರಪಳಿಗೆ ಯಾರೂ ಹಾಗೆ ಮಾಡಿರಲಿಲ್ಲ ಅಂತ ಕಾಣುತ್ತದೆ. ಎರಕದ ಗಿಳಿಗಳು ಮಾತ್ರ ಗಟ್ಟಿಯಾಗಿದ್ದವು, ಒಂದರಲ್ಲೂ ಗೆರೆ ಇಲ್ಲ. ಅವನ್ನು ಬಗ್ಗಿಸಿ ಮಾಡಿದ್ದಲ್ಲ, ಕರಗಿಸಿ ಹೊಯ್ದದ್ದು.

ಆ ಸಂಜೆಯೇ ಎರಡು ತೀರ್ಮಾನ ಮಾಡಿದೆ. ಭಾರ ಎತ್ತುವುದಕ್ಕೆ ಹಳೆ ಸಾಮಾನು ಬೇಡವೇ ಬೇಡ. ಪರೀಕ್ಷೆಯ ಮುದ್ರೆ ಇರುವ ಅರ್ಧ ಟನ್ನಿನ ಹೊಸ ಚೈನ್ ಬ್ಲಾಕ್ ತಂದೆ. ಎರಡನೆಯದು ನೆಲ. ಹಳೆ ಮಣ್ಣಿನಲ್ಲಿ ಇನ್ನೂ ಗಂಜಲದ ವಾಸನೆ ಇತ್ತು. ಒಂದು ಅಡಿ ಅಗೆದು ಆ ಮಣ್ಣನ್ನು ತೋಟಕ್ಕೆ ಹಾಕಿದೆವು, ಅಡಿಕೆ ಮರಕ್ಕೆ ಅದು ಬಂಗಾರ. ಕೆಳಗೆ ಜಂಬಿಟ್ಟಿಗೆ ಚೂರು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತದ ಚೀಲವನ್ನೂ ಅಲ್ಲಿಂದ ಹೊರಗೆ ಹಾಕಿದೆ. ಅದರ ನೀರು ತಾಗಿದ ಕಬ್ಬಿಣ ಉಳಿಯುವುದಿಲ್ಲ.

ಅಮ್ಮನಿಗೆ ಸರಪಳಿ ವಿಷಯ ಹೇಳಲು ಎರಡು ದಿನ ಹಿಂದೆಮುಂದೆ ನೋಡಿದೆ. ಮುರಿದ ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದರು. "ಹೋಗ್ಲಿ ಬಿಡು. ಕೂತವರ ಮೇಲೆ ಬೀಳ್ಲಿಲ್ಲ, ಅಷ್ಟೇ ಸಾಕು," ಅಂದರು. ಆಮೇಲೆ ಗಿಳಿಗಳನ್ನು ಕೇಳಿ ಇಸಿದುಕೊಂಡರು. ಈಗ ನಡುಮನೆಯ ಗೂಡಿನಲ್ಲಿವೆ.

ಬೆಂಚಿಗೆ ಗೋದಲಿಯ ಹಲಗೆ ಬಂತು. ಮತ್ತಿ ಮರ, ಎರಡೂವರೆ ಇಂಚು ದಪ್ಪ, ದನದ ಕುತ್ತಿಗೆ ಉಜ್ಜಿ ಉಜ್ಜಿ ಒಂದು ಅಂಚು ಗಾಜಿನ ಹಾಗೆ ನುಣುಪಾಗಿತ್ತು. ಆ ಅಂಚನ್ನು ಕೀಸಲಿಲ್ಲ, ನಾವು ನಿಲ್ಲುವ ಕಡೆಗೆ ಇಟ್ಟೆವು. ಎತ್ತರ 33 ಇಂಚು. ಕೈ ಇಳಿಬಿಟ್ಟು ನಿಂತರೆ ಮಣಿಕಟ್ಟಿನ ಹತ್ತಿರ ಬರುತ್ತದೆ.

ಬೆಂಚಿಗೆ ವೈಸ್ ಬೇಕಲ್ವಾ, ಸಾಮಾನನ್ನು ಬಿಗಿದು ಹಿಡಿಯಲು. ಶಿವಮೊಗ್ಗದ ಒಂದು ಗುಜರಿಯಲ್ಲಿ ಸಿಕ್ಕಿತು. ನೀಲಿ ಬಣ್ಣ ಅಲ್ಲಲ್ಲಿ ಉಳಿದಿತ್ತು, ಬೀಡಿನ ಮೇಲೆ ರೆಕಾರ್ಡ್ ಎಂಬ ಅಕ್ಷರ, 52½ ಎಂಬ ಸಂಖ್ಯೆ. ಇಂಗ್ಲೆಂಡಿನ ಶೆಫೀಲ್ಡಿನದ್ದು, ಮರಗೆಲಸದವರ ವೈಸ್, ಬಾಯಿ ಒಂಬತ್ತು ಇಂಚು ಅಗಲ. 1,800 ರೂಪಾಯಿ ಕೊಟ್ಟೆ. ಈ ಥರದ ವೈಸಿನಲ್ಲಿ ಒಂದು ಸೊಗಸು ಇದೆ. ಒಳಗೆ ಪೂರ್ತಿ ನಟ್ ಇರುವುದಿಲ್ಲ, ಅರ್ಧ ನಟ್ ಇರುತ್ತದೆ. ಮುಂದಿನ ಸಣ್ಣ ಹಿಡಿ ಒತ್ತಿದರೆ ಅರ್ಧ ನಟ್ ಸ್ಕ್ರೂವಿನಿಂದ ಸರಿಯುತ್ತದೆ, ಬಾಯನ್ನು ನೇರ ಎಳೆದು ತಳ್ಳಬಹುದು. ಬಿಟ್ಟರೆ ಮತ್ತೆ ಹಲ್ಲಿಗೆ ಹಲ್ಲು ಕೂರುತ್ತದೆ. ನಮ್ಮದರಲ್ಲಿ ಕೂರುತ್ತಿರಲಿಲ್ಲ. ಎಷ್ಟು ತಿರುಗಿಸಿದರೂ ಜಾರುತ್ತಿತ್ತು.

ಹಲ್ಲು ಸವೆದಿದೆ, ದುಡ್ಡು ಹೋಯಿತು ಅಂದುಕೊಂಡೆ. ಬಿಚ್ಚಿ, ಹಲ್ಲಿನ ಸಂದಿನಲ್ಲಿ ಕಲ್ಲಾಗಿದ್ದ ಗ್ರೀಸು ಮತ್ತು ಮರದ ಹೊಟ್ಟು ಕೆರೆದಾಗ ಹಲ್ಲು ಚೆನ್ನಾಗಿಯೇ ಕಂಡಿತು. ಇಲ್ಲದೇ ಇದ್ದದ್ದು ಸ್ಪ್ರಿಂಗು. ಅರ್ಧ ನಟ್ಟನ್ನು ವಾಪಸು ಒತ್ತಿ ಹಿಡಿಯುವ ಸ್ಪ್ರಿಂಗ್ ಎಲ್ಲೋ ಬಿದ್ದುಹೋಗಿತ್ತು. ಗುಜರಿಯಲ್ಲಿ ಕೊಳ್ಳುವಾಗ ಹಿಡಿ ಒತ್ತಿ ಬಿಟ್ಟು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆಗ ಆ ಗುಜರಿ ರಾಶಿಯಲ್ಲೇ ಹುಡುಕಬಹುದಿತ್ತೋ ಏನೋ.

ಸಾಗರದಲ್ಲಿ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಇಟ್ಟ ಅಂಗಡಿಯವರು ಉಕ್ಕಿನ ತಂತಿ ಸುತ್ತಿ ಸ್ಪ್ರಿಂಗ್ ಮಾಡಿಕೊಟ್ಟರು, 350 ರೂಪಾಯಿ. ಅವರ ಲೇತೂ ಹಳೆಯದೇ. ಮೈಸೂರು ಕಿರ್ಲೋಸ್ಕರ್, ಹರಿಹರ ಅಂತ ಎರಕದ ಅಕ್ಷರ ಇದೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗ ಇಲ್ಲ, ಅದರ ಲೇತುಗಳು ಮಾತ್ರ ನಮ್ಮ ಕಡೆಯ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ. ನಮ್ಮ ರಾಜ್ಯದ ಒಂದು ಊರು ಇಂಥ ಯಂತ್ರ ಮಾಡಿತ್ತು ಅನ್ನುವುದು ನನಗೆ ದೊಡ್ಡ ವಿಷಯ.

ಅವರ ಹತ್ತಿರವೇ ಇನ್ನೊಂದು ಪಾಠ ಆಯಿತು. ವೈಸನ್ನು ಬೆಂಚಿಗೆ ಬಿಗಿಯಲು ಮುಳುಗಡೆ ಮನೆಯ ತೊಲೆಯ ಬೋಲ್ಟು ಇಟ್ಟುಕೊಂಡಿದ್ದೆ. ಬೋಲ್ಟು ಇತ್ತು, ನಟ್ ಇರಲಿಲ್ಲ. ಅಂಗಡಿಯಿಂದ 12 ಮಿಲಿಮೀಟರಿನ ನಟ್ ತಂದೆ, ಬಾಯಿಗೇ ಹೋಗಲಿಲ್ಲ. ಹಳೆ ಚೀಲದಲ್ಲಿದ್ದ ಒಂದು ನಟ್ಟಿಗೆ ಹೊಸ 12ರ ಬೋಲ್ಟು ಹಾಕಿದರೆ ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಲೇತಿನವರು ಹಳೆ ಬೋಲ್ಟಿನ ಪಕ್ಕ ಸ್ಕೇಲ್ ಇಟ್ಟು ಎಣಿಸಿ ತೋರಿಸಿದರು. ಒಂದು ಇಂಚಿಗೆ 12 ಸುತ್ತು. ಅರ್ಧ ಇಂಚಿನ ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ 1841ರಲ್ಲಿ ಹಾಕಿಕೊಟ್ಟ ಅಳತೆ, ಹಲ್ಲಿನ ಕೋನ 55 ಡಿಗ್ರಿ. ಈಗಿನ ಮಿಲಿಮೀಟರ್ ಥ್ರೆಡ್ಡಿನದು 60 ಡಿಗ್ರಿ, 12ರ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.75 ಮಿಲಿಮೀಟರ್. ಎರಡೂ ಹತ್ತಿರ ಹತ್ತಿರ ಕಾಣುತ್ತವೆ, ಒಂದಕ್ಕೊಂದು ಸೇರುವುದಿಲ್ಲ. ಸ್ಪ್ಯಾನರ್ ಹಾಕಿ ಜಬರ್ದಸ್ತಿ ಮಾಡಿದರೆ ಎರಡರ ಥ್ರೆಡ್ಡೂ ಹೋಗುತ್ತದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆಗಿದ್ದು 1956ರಲ್ಲಿ. ಅದಕ್ಕೆ ಮುಂಚಿನ ಮನೆಯ ಬೋಲ್ಟು ಇಂಚಿನದೇ ಇರುತ್ತದೆ. ಇಂಚಿನ ನಟ್ ಈಗಲೂ ಸಿಗುತ್ತದೆ, ಸರಿಯಾದ ಹೆಸರು ಹೇಳಿ ಕೇಳಬೇಕು ಅಷ್ಟೇ.

ವೈಸಿನ ಕಬ್ಬಿಣದ ಬಾಯಿಯನ್ನು ಬೆಂಚಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ಕೂರಿಸಿ, ಒಳಗಡೆ ಹಲಸಿನ ತುಂಡು ಹಾಕಿದೆವು. ಉಳಿ ಜಾರಿದರೂ ಕಬ್ಬಿಣಕ್ಕೆ ತಾಗುವುದಿಲ್ಲ. ಬೋಲ್ಟಿಗೆ ಮೇಣ ಹಚ್ಚಿಯೇ ಮತ್ತಿ ಹಲಗೆಗೆ ಇಳಿಸಿದೆ. ಒದ್ದೆ ಕಬ್ಬಿಣ ತಾಗಿದರೆ ಮತ್ತಿಯ ಒಗರು ಸೇರಿ ಮರ ಮಸಿಯ ಹಾಗೆ ಕಪ್ಪಾಗುತ್ತದೆ.

ಡ್ರಾಯರಿಗೆ ಹಳೆ ಹಿತ್ತಾಳೆ ಹಿಡಿಕೆ ಹಾಕುವಾಗ ಎರಡು ಸ್ಕ್ರೂ ಮುರಿದವು. ಹಿತ್ತಾಳೆ ಸ್ಕ್ರೂವನ್ನು ನೇರವಾಗಿ ಗಟ್ಟಿ ಮರಕ್ಕೆ ತಿರುಗಿಸಬಾರದು. ಮೊದಲು ತೂತು, ಆಮೇಲೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ತೆಗೆಯಬೇಕು, ದಾರಿ ಆಗುತ್ತದೆ. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಬೇಕು. ಸಾಬೂನು ಬೇಡ, ಅದು ತೇವ ಎಳೆಯುತ್ತದೆ. ಹಿತ್ತಾಳೆ ಸಾಮಾನಿಗೆ ಹಿತ್ತಾಳೆ ಸ್ಕ್ರೂ, ಕಬ್ಬಿಣಕ್ಕೆ ಕಬ್ಬಿಣ. ಬೆರೆಸಿದರೆ ನಮ್ಮ ಮಳೆಗೆ ಕಬ್ಬಿಣದ ತಲೆ ಬೇಗ ತಿಂದುಹೋಗುತ್ತದೆ.

ಕರೆಂಟಿನ ವಿಷಯದಲ್ಲಿ ಹಳೆಯದು ಒಂದನ್ನೂ ಹಾಕಲಿಲ್ಲ. ಚೀಲದಲ್ಲಿ ಕಪ್ಪು ಬೇಕಲೈಟ್ ಸ್ವಿಚ್ಚು, ಪಿಂಗಾಣಿ ಫ್ಯೂಸು ಇದ್ದವು. ನೋಡಲು ಬಹಳ ಚೆಂದ. ಒಳಗಿನ ಸ್ಪ್ರಿಂಗು, ಸಂಪರ್ಕದ ಹಿತ್ತಾಳೆ ಎಷ್ಟು ಸವೆದಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಹೊಸ ವಯರು, ಲೋಡ್ ಹೆಚ್ಚಾದರೆ ಕರೆಂಟು ಕಡಿಯುವ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಬೇರೆ ಅರ್ಥಿಂಗ್ ಗುಂಡಿ. ಒದ್ದೆ ಕಾಲಲ್ಲಿ ಡ್ರಿಲ್ ಹಿಡಿಯುವ ಊರು ನಮ್ಮದು. 14,000 ರೂಪಾಯಿ ಆಯಿತು. ನೆಲಕ್ಕೆ 22,000. ಹಳೆ ಸಾಮಾನಿನ ವರ್ಕ್‌ಶಾಪಿನಲ್ಲಿ ದೊಡ್ಡ ಖರ್ಚು ಈ ಎರಡು ಹೊಸದಕ್ಕೇ ಹೋಯಿತು, ಅದರಲ್ಲಿ ಬೇಸರ ಇಲ್ಲ.

ಮಳೆ ಮುಗಿದ ಮೇಲಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೆಲ ತೇವ ಎಳೆಯಲಿಲ್ಲ. ವೈಸಿನ ಸ್ಕ್ರೂ ಚೆನ್ನಾಗಿದೆ, ತಿಂಗಳಿಗೊಮ್ಮೆ ಎಣ್ಣೆ ಬಟ್ಟೆ ಸಾಕಾಯಿತು. ಚಿಲಕಗಳಲ್ಲಿ ಎರಡು ಮತ್ತೆ ತುಕ್ಕು ಹಿಡಿದವು, ಬಡಗಣ ಗೋಡೆಯ ಕಡೆಯವು, ಎರಚಲು ಅಲ್ಲಿಗೆ ಬೀಳುತ್ತದೆ. ಮುಂದಿನ ಸಲ ಅವಕ್ಕೆ ಕಾಯಿಸಿ ಜೇನುಮೇಣ ಹಚ್ಚಿ ನೋಡಬೇಕು.

ಈಗ ಬಾಗಿಲು.

ಆಚಾರ್ರಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದವರು. ಮರುದಿನ ಬೆಳಿಗ್ಗೆ ಬಂದರು. ಕದ ಎರಡು ಸಲ ಮುಚ್ಚಿ ತೆಗೆದು ನೋಡಿದರು. ಚೌಕಟ್ಟಿನ ಪಕ್ಕ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರು. ಚೌಕಟ್ಟು ನೆಟ್ಟಗಿತ್ತು. ಬಿಜಾಗ್ರಿಯ ಮೂರು ಪಿನ್ನು ಮಾತ್ರ ಒಂದು ಸಾಲಿನಲ್ಲಿ ಇರಲಿಲ್ಲ. ನಡುವಿನದು ಹೊರಗೆ ಬಂದಿತ್ತು.

"ಯಾವ್ದು ಎಲ್ಲಿತ್ತು ಅಂತ ಗುರ್ತು ಹಾಕಿದ್ರಾ?"

"ಇಲ್ಲ ಆಚಾರ್ರೇ. ಎಲ್ಲ ಒಂದೇ ಥರ ಇದೆ ಅಂತ..."

"ಒಂದೇ ಥರ ಎಲ್ಲಿದೆ ಮಾರಾಯ್ರೆ. ಇದು ಕುಲುಮೇಲಿ ಬಡಿದದ್ದು. ಅಂಗಡಿದಲ್ಲ."

ಅವರು ಎರಡು ಬಿಜಾಗ್ರಿ ಒಂದರ ಮೇಲೊಂದು ಇಟ್ಟು ತೋರಿಸಿದರು. ಸ್ಕ್ರೂ ತೂತುಗಳು ಕಾಲು ಇಂಚು ಆಚೆ ಈಚೆ. ಒಂದರ ರೆಕ್ಕೆ ಇನ್ನೊಂದಕ್ಕಿಂತ ದಪ್ಪ. ಪ್ರತಿಯೊಂದನ್ನೂ ಅದರ ಜಾಗಕ್ಕೇ ಅಂತ ಮಾಡಿ, ಮರದಲ್ಲಿ ಅದರ ದಪ್ಪಕ್ಕೆ ಸರಿಯಾಗಿ ಮನೆ, ಅಂದರೆ ಅದು ಕೂರುವ ತಗ್ಗು, ಕೊರೆದಿದ್ದರು. ಜಾಗ ಬದಲಾದರೆ ಬಾಗಿಲು ಕೂರುವುದು ಹೇಗೆ?

ಎಲ್ಲ ಬಿಚ್ಚಿಸಿದರು. ಚೌಕಟ್ಟಿನಲ್ಲಿ ಬಿಜಾಗ್ರಿ ಕೂರುವ ಮನೆಗಳನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರು. ಆಗ ಕಂಡಿತು. ಎಡಗಡೆ ಮೇಲಿನ ಮನೆಯೊಳಗೆ ಉಳಿಯಿಂದ ಹಾಕಿದ ಒಂದು ನೇರ ಕಚ್ಚು. ನಡುವಿನದರಲ್ಲಿ ಎರಡು, ಕೆಳಗಿನದರಲ್ಲಿ ಮೂರು. ಬಲಗಡೆಯೂ ಹಾಗೇ ಒಂದು, ಎರಡು, ಮೂರು, ಅವು ಮಾತ್ರ ಓರೆ ಕಚ್ಚು. "ಬಿಜಾಗ್ರಿ ಬೆನ್ನು ನೋಡಿ," ಅಂದರು. ಬೂದು ಕಬ್ಬಿಣದ ಅಂಚಿನಲ್ಲಿ, ಉಗುರು ಸವರಿದರೆ ಸಿಗುವಷ್ಟು, ಅರದ ಕಚ್ಚು. ಎರಡು ನೇರ. ಇನ್ನೊಂದರಲ್ಲಿ ಒಂದು ಓರೆ.

ನಾನು ಎಷ್ಟೋ ಸಲ ಆ ಬಿಜಾಗ್ರಿಗಳನ್ನು ಕೈಯಲ್ಲಿ ಹಿಡಿದಿದ್ದೆ, ನೋಡಿರಲಿಲ್ಲ. ನೀರು ಬರುತ್ತದೆ ಅಂತ ಮನೆ ಬಿಚ್ಚುವ ಆ ಗಡಿಬಿಡಿಯಲ್ಲೂ ಯಾರೋ ಒಬ್ಬರು ಕೂತು ಒಂದೊಂದು ಬಿಜಾಗ್ರಿಗೂ ಅದರ ಮನೆಗೂ ಗುರುತು ಹಾಕಿದ್ದರು. ತಂತಿ ಚಕ್ರ ಕೊಟ್ಟು ಉಜ್ಜಿದ್ದರೆ ಆ ಗುರುತು ತುಕ್ಕಿನ ಜೊತೆಗೇ ಹೋಗುತ್ತಿತ್ತು. "ನಮ್ಮಪ್ಪನೂ ಹಿಂಗೇ ಹಾಕ್ತಿದ್ದ," ಅಂದರು ಆಚಾರ್ರು.

ಐದಕ್ಕೆ ಜಾಗ ಸಿಕ್ಕಿತು. ಐದೂ ಅವುಗಳ ಮನೆಯಲ್ಲಿ ಅದುಮಿದ ಹಾಗೆ ಕೂತವು. ಆರನೆಯದರ ಬೆನ್ನು ಬೋಳು, ಕಚ್ಚೇ ಇಲ್ಲ. ಯಾವಾಗಲೋ ಮೂಲದ್ದು ಹಾಳಾಗಿ ಬೇರೆ ತಂದು ಹಾಕಿದ್ದಿರಬೇಕು. ಅದು ಬಲಗಡೆಯ ಕೆಳಗಿನದು. ಅದರ ರೆಕ್ಕೆ ತೆಳ್ಳಗಿತ್ತು, ಹಿಂದೆ ತೆಳು ತಗಡು ಕೊಟ್ಟು ಎತ್ತರಿಸಿದೆವು. ಒಂದು ತೂತನ್ನು ಅರದಿಂದ ಸ್ವಲ್ಪ ಅಗಲ ಮಾಡಬೇಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಎರಡೂ ಕದ ಮುಚ್ಚಿದವು. ಚಿಲಕ ಅದರ ಬಳೆಗೆ ತಾನಾಗಿ ಹೋಗಿ ಬಿತ್ತು.

ಆಚಾರ್ರು ಆ ಆರನೆಯ ಬಿಜಾಗ್ರಿಯನ್ನು ಮತ್ತೆ ಬಿಚ್ಚಿಸಿದರು. ಯಾಕೆ ಅಂತ ಕೇಳಿದೆ. ಮೂಲೆ ಅರ ತೆಗೆದು ನನ್ನ ಕೈಗೆ ಕೊಟ್ಟರು. ವೈಸಿನಲ್ಲಿ ಹಿಡಿದು, ಬೆನ್ನಿನ ಅಂಚಿಗೆ ಓರೆಯಾಗಿ ಮೂರು ಕಚ್ಚು ಹಾಕಿದೆ.